ಗೂಲ್ಡ್‌ಗೆ ಸಿಕ್ಕ ಮನೆ

ಪ್ರಶ್ನೆ: ಹಿಂದೆ ರಗ್ಬಿಯಲ್ಲಿ ದೇಶಕ್ಕೆ ಆಡಿದವರಿಗೂ ದುಡ್ಡು ಕೊಡುತ್ತಿರಲಿಲ್ಲವಂತೆ. ಅಭಿಮಾನಿಗಳೇ ಪ್ರೀತಿಯಿಂದ ಏನಾದರೂ ಕೊಟ್ಟರೆ ಇಟ್ಟುಕೊಳ್ಳಬಹುದಿತ್ತಾ?
– ಓದುಗರೊಬ್ಬರು, ಮಡಿಕೇರಿ

ಉತ್ತರ: ಹಾಗೆ ಇಟ್ಟುಕೊಂಡವರೊಬ್ಬರಿದ್ದರು. ಅದರಿಂದ ಒಂದು ದೇಶದ ಪಂದ್ಯಗಳೇ ನಿಂತುಹೋದವು!

ಅವರು ವೇಲ್ಸ್‌ನ ನ್ಯೂಪೋರ್ಟ್ ಊರಿನ ಆರ್ಥರ್ ಗೂಲ್ಡ್. ಚಿಕ್ಕಂದಿನಲ್ಲಿ ಮರ ಹತ್ತುವ ಚಟವಿತ್ತು, ಹಾಗಾಗಿ ಎಲ್ಲರ ಬಾಯಲ್ಲೂ 'ಮಂಕಿ' ಗೂಲ್ಡ್. 1885ರಿಂದ 1897ರವರೆಗೆ ವೇಲ್ಸ್ ಪರ 27 ಪಂದ್ಯ ಆಡಿದರು, 18ರಲ್ಲಿ ನಾಯಕ. ಹೊಟ್ಟೆಪಾಡಿಗೆ ಕಂಟ್ರಾಕ್ಟ್ ಕೆಲಸ. ಅದಕ್ಕಾಗಿ ವೆಸ್ಟ್ ಇಂಡೀಸ್‌ಗೂ ಹೋಗಿಬಂದವರು.

ನನಗೆ ಇಷ್ಟವಾಗುವುದು 1893ರ ಕಾರ್ಡಿಫ್ ಪಂದ್ಯ. ಮೈದಾನ ಹಿಮಗಟ್ಟಿತ್ತು. ರಾತ್ರಿಯೆಲ್ಲಾ ಅಲ್ಲಲ್ಲಿ ಬೆಂಕಿ ಹಾಕಿ ನೆಲ ಕರಗಿಸಿದರು. ಅಂಥ ಕೆಸರಲ್ಲಿ ಗೂಲ್ಡ್ ಎರಡು ಟ್ರೈ (ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸುವುದು) ಹೊಡೆದರು, ಇಂಗ್ಲೆಂಡ್ 12-11ರಿಂದ ಸೋತಿತು. ಆ ವರ್ಷ ಸ್ಕಾಟ್ಲೆಂಡ್, ಐರ್ಲೆಂಡನ್ನೂ ಸೋಲಿಸಿ ವೇಲ್ಸ್ ಮೊದಲ ಸಲ 'ಟ್ರಿಪಲ್ ಕ್ರೌನ್' ಗೆದ್ದಿತು.

ಇಂಥವರಿಗೆ ಜನ ಸುಮ್ನೆ ಚಪ್ಪಾಳೆ ತಟ್ಟಿ ಬಿಡುತ್ತಾರಾ? 1896ರಲ್ಲಿ ಚಂದಾ ಶುರುವಾಯಿತು, ಶಿಲ್ಲಿಂಗ್ ಶಿಲ್ಲಿಂಗ್ ಸೇರಿಸಿ. ಒಂದು ಮನೆ ಕೊಡಿಸುವಷ್ಟು ದುಡ್ಡು ಬಂತು. ವೇಲ್ಸ್ ರಗ್ಬಿ ಸಂಸ್ಥೆಯೂ ಕೈಜೋಡಿಸಿತು. ರಗ್ಬಿಯ ಅಂತರರಾಷ್ಟ್ರೀಯ ಮಂಡಳಿ ಕೆರಳಿದ್ದು ಆಗಲೇ: ಮನೆ ಅಂದರೆ ಸಂಬಳವೇ ಅಂದಿತು. ಅವರ ಭಯಕ್ಕೂ ಕಾರಣವಿತ್ತು. 1895ರಲ್ಲಷ್ಟೇ ಉತ್ತರ ಇಂಗ್ಲೆಂಡಿನ ಕ್ಲಬ್‌ಗಳು ಸಿಡಿದು ಬೇರೆಯಾಗಿದ್ದವು. ಕೆಲಸ ಬಿಟ್ಟು ಆಡಲು ಬರುವ ಗಣಿ, ಗಿರಣಿಯ ಆಳುಗಳಿಗೆ ಆ ದಿನದ ಕೂಲಿ ಕೊಡಿ ಅಂತ ಕೇಳಿದ್ದೇ ಆ ಜಗಳದ ಮೂಲ.

ವೇಲ್ಸ್ ಬಗ್ಗಲಿಲ್ಲ. ಮಂಡಳಿಯಿಂದಲೇ ಹೊರಬಂತು. 1897ರ ಈಸ್ಟರ್ ಸೋಮವಾರ ನ್ಯೂಪೋರ್ಟ್‌ನಲ್ಲಿ ದೊಡ್ಡ ಔತಣ ಇಟ್ಟು ಮನೆಯ ಪತ್ರ ಗೂಲ್ಡ್ ಕೈಗೆ ಕೊಟ್ಟರು. ಆ ವರ್ಷ ವೇಲ್ಸ್ ಆಡಿದ್ದು ಇಂಗ್ಲೆಂಡ್ ವಿರುದ್ಧ ಒಂದೇ ಪಂದ್ಯ. ಸ್ಕಾಟ್ಲೆಂಡಂತೂ 1898ರಲ್ಲೂ ವೇಲ್ಸ್ ಜೊತೆ ಆಡಲಿಲ್ಲ.

ತಮಾಷೆ ನೋಡಿ, ಕ್ರಿಕೆಟ್‌ನ ಡಬ್ಲ್ಯು.ಜಿ. ಗ್ರೇಸ್ ಅವರೂ ಹೆಸರಿಗೆ ದುಡ್ಡಿಗಾಗಿ ಆಡದವರೇ. 1895ರಲ್ಲಿ ಅವರಿಗೆ ಹೀಗೇ ಶಿಲ್ಲಿಂಗ್ ಚಂದಾ ಎತ್ತಿ ಸಾವಿರಾರು ಪೌಂಡ್ ಕೊಟ್ಟರು. ಕ್ರಿಕೆಟ್‌ನವರು ಯಾರೂ ತಕರಾರು ಮಾಡಲಿಲ್ಲ.

ಕೊನೆಗೆ 1898ರಲ್ಲಿ ರಾಜಿ ಆಯಿತು. ವೇಲ್ಸ್ ಮಂಡಳಿಗೆ ವಾಪಸ್ ಬರಬಹುದು, ಆದರೆ ಗೂಲ್ಡ್ ಇನ್ನು ದೇಶಕ್ಕೆ ಆಡುವಂತಿಲ್ಲ ಅಂತ. ಅಷ್ಟರಲ್ಲಿ ಅವರಿಗೆ 33 ವರ್ಷ, ದೇಶಕ್ಕೆ ಆಡುವುದನ್ನು ಬಿಟ್ಟೂ ಆಗಿತ್ತು. ಎರಡೂ ಕಡೆಯವರು ಮರ್ಯಾದೆ ಉಳಿಸಿಕೊಂಡರು ಅನ್ನಿ.