ಸಂಪಾದಕರ ಉತ್ತರ: ಮೊಹರು ಹಾಕಿದ ಕಟ್ಟುಗಳು

ಶಿರಸಿಯಿಂದ ಪತ್ರ ಬರೆದ ಓದುಗರೇ,

ಕಳೆದ ಸಂಚಿಕೆಯಲ್ಲಿ, ‘ಯುದ್ಧದ ಕುರಿತು’ (ಆನ್ ವಾರ್) ಎಂಬ ಗ್ರಂಥ ಬರೆದ ಸೇನಾಧಿಕಾರಿ ಕ್ಲಾಸ್‌ವಿಟ್ಜ್ ಬಗ್ಗೆ ಬಂದ ಲೇಖನಕ್ಕೆ ನೀವು ಎರಡು ಆಕ್ಷೇಪ ಎತ್ತಿದ್ದೀರಿ. ಯುದ್ಧವೆಂದರೆ ಬೇರೆ ಸಾಧನಗಳಿಂದ ಮುಂದುವರಿಸಿದ ರಾಜಕೀಯ ಎಂದವನು ಯುದ್ಧಪ್ರೇಮಿಯಲ್ಲದೆ ಇನ್ನೇನು? ಆತ ಮುಗಿಸದೆ ಬಿಟ್ಟಿದ್ದನ್ನು ‘ಹೆಂಡತಿ ತೇಪೆ ಹಾಕಿದ’ ಪುಸ್ತಕಕ್ಕೆ ಇಷ್ಟೊಂದು ಬೆಲೆ ಏಕೆ?

ಆ ಪುಸ್ತಕದಲ್ಲಿ ರಕ್ತಪಾತದ ಬಗ್ಗೆ ಎದೆ ನಡುಗಿಸುವ ಮಾತುಗಳಿವೆ, ಒಪ್ಪಿದೆ. ಆದರೆ ಆತ ಹನ್ನೆರಡನೇ ವಯಸ್ಸಿಗೇ ಪ್ರಶ್ಯಾ ಎಂಬ ಜರ್ಮನ್ ರಾಜ್ಯದ ಸೇನೆ ಸೇರಿದವನು. 1806ರಲ್ಲಿ ನೆಪೋಲಿಯನ್ನನೆದುರು ಪ್ರಶ್ಯಾ ಸೋತ ಬಳಿಕ ಫ್ರೆಂಚರ ಸೆರೆಯಾಳಾದವನು. 1812ರಲ್ಲಿ ತನ್ನ ದೊರೆ ನೆಪೋಲಿಯನ್ನನ ಜೊತೆ ಸೇರಿದಾಗ ರಷ್ಯಾದ ಸೇನೆಗೆ ಹೋಗಿ ಬೊರೊಡಿನೊ ಕದನ ಕಂಡವನು. ಯುದ್ಧದಲ್ಲಿ ಎಲ್ಲವೂ ಸರಳ, ಆದರೆ ಅತಿ ಸರಳವಾದದ್ದೇ ಕಷ್ಟ ಎಂದ ಆತನ ಮಾತು ಕುರ್ಚಿಯಲ್ಲಿ ಕೂತು ಹೊಳೆದದ್ದಲ್ಲ. ಯುದ್ಧ ರಾಜಕೀಯದ ಅಂಕೆಯಲ್ಲಿರಬೇಕು ಎನ್ನುವ ಆ ವಾಕ್ಯವೂ ಯುದ್ಧಕ್ಕೆ ಹಾಕಿದ ಮೂಗುದಾರವೇ.

ನನ್ನನ್ನು ಚುಚ್ಚಿದ್ದು ‘ತೇಪೆ’ ಎಂಬ ಪದ.

1830ರಲ್ಲಿ ಬರ್ಲಿನ್ ಬಿಡುವಾಗ ಆತ ಹಸ್ತಪ್ರತಿಗಳನ್ನು ಕಟ್ಟು ಕಟ್ಟಿ ಮೊಹರು ಹಾಕಿಟ್ಟ. ಮರುವರ್ಷ ನವೆಂಬರ್ 16ರಂದು, 51ನೇ ವಯಸ್ಸಿನಲ್ಲಿ, ಬ್ರೆಸ್ಲಾವ್‌ನಲ್ಲಿ ತೀರಿಕೊಂಡ. ‘ಪ್ರಕಟಿಸುವವಳು ನೀನೇ’ ಎಂದು ಹೆಂಡತಿ ಮಾರಿಗೆ ಅರ್ಧ ತಮಾಷೆಗೆ ಹೇಳುತ್ತಿದ್ದನಂತೆ. ಆಕೆ ಅದನ್ನು ತಮಾಷೆ ಎಂದುಕೊಳ್ಳಲಿಲ್ಲ. 1832ರಲ್ಲೇ ಮೊದಲ ಸಂಪುಟ ಅಚ್ಚಾಯಿತು. ಇಂಥ ವಿಷಯದ ಪುಸ್ತಕಕ್ಕೆ ಹೆಣ್ಣಿನ ಕೈ ಮುನ್ನುಡಿ ಬರೆಯುವುದು ವಿಚಿತ್ರ ಎನಿಸಬಹುದು ಎಂದೇ ಆಕೆ ಮುನ್ನುಡಿ ಶುರುಮಾಡುತ್ತಾಳೆ. ತಾನು ಈಗಲೇ ಸತ್ತರೆ ಉಳಿಯುವುದು ರೂಪವಿಲ್ಲದ ವಿಚಾರಗಳ ರಾಶಿ ಎಂದು ಗಂಡ 1827ರಲ್ಲಿ ಬರೆದಿಟ್ಟ ಟಿಪ್ಪಣಿಯೂ ಅದೇ ಪುಸ್ತಕದಲ್ಲಿ ಬಂತು. ಗ್ರಂಥ ಅಪೂರ್ಣವೆಂದು ನಿಮಗೆ ತಿಳಿದದ್ದೇ ಆ ಪ್ರಾಮಾಣಿಕತೆಯಿಂದ!

ಕೈಯಾಡಿಸಿದ್ದು ಯಾರು ಗೊತ್ತೆ? 1836ರಲ್ಲಿ ಆಕೆ ತೀರಿಕೊಂಡಳು. 1853ರ ಎರಡನೇ ಆವೃತ್ತಿಯನ್ನು ಆಕೆಯ ತಮ್ಮ ನೋಡಿಕೊಂಡ. ಯುದ್ಧದ ಮುಖ್ಯ ಗಳಿಗೆಗಳಲ್ಲಿ ಮಂತ್ರಿಮಂಡಲಕ್ಕೂ ಪಾಲಿರಲೆಂದು ಸೇನಾಪತಿಯನ್ನು ಅದರೊಳಗೆ ಕೂರಿಸಬೇಕು ಎಂಬುದು ಮೂಲದ ಮಾತು. ಹೊಸ ಆವೃತ್ತಿಯಲ್ಲಿ ಅದು, ಮಂತ್ರಿಮಂಡಲದ ತೀರ್ಮಾನಗಳಲ್ಲಿ ಸೇನಾಪತಿಗೆ ಪಾಲಿರಲಿ ಎಂದಾಯಿತು. ಕೆಲವೇ ಪದ ಬದಲಾದವು, ಸವಾರನೂ ಕುದುರೆಯೂ ಅದಲುಬದಲಾದರು.

ಹತ್ತು ವರ್ಷದ ಹಿಂದೆ ನಮ್ಮ ಕಚೇರಿಗೆ ಒಬ್ಬ ತಾಯಿ ಬಂದಿದ್ದರು. ಕೈಚೀಲದ ತುಂಬ ತೀರಿಹೋದ ಗಂಡನ ಹಾಳೆಗಳು, ಪ್ರತಿ ಹಾಳೆಗೂ ಪೆನ್ಸಿಲ್ಲಿನಲ್ಲಿ ಅವರೇ ಬರೆದ ಪುಟಸಂಖ್ಯೆ. ಅರ್ಥವಾಗದ ಅಕ್ಷರದ ಕೆಳಗೆ ಸಣ್ಣ ಚುಕ್ಕೆ ಇಟ್ಟಿದ್ದರೇ ಹೊರತು ಊಹಿಸಿ ತುಂಬಿರಲಿಲ್ಲ. ಆ ಪುಸ್ತಕ ಬೇರೆ ಕಡೆ ಪ್ರಕಟವಾಯಿತು. ಕೃತಜ್ಞತೆಯ ಪುಟದಲ್ಲಿ ಮುದ್ರಕರಿದ್ದರು, ಅಧ್ಯಕ್ಷರಿದ್ದರು. ಆ ತಾಯಿ ಇರಲಿಲ್ಲ.

ನೀವು ಗಮನವಿಟ್ಟು ಓದುವವರು, ಪತ್ರವೇ ಹೇಳುತ್ತದೆ. ಮನೆಯ ಕಪಾಟಿನಿಂದ ಯಾವುದಾದರೂ ಹತ್ತು ಕನ್ನಡ ಪುಸ್ತಕ ತೆಗೆದು ನೋಡಿ. ಎಷ್ಟರಲ್ಲಿ ಕರಡು ತಿದ್ದಿದವರ, ಹಸ್ತಪ್ರತಿ ನಕಲು ಮಾಡಿದವರ ಹೆಸರಿದೆ? ಎಣಿಸಿ ನನಗೆ ಬರೆಯಿರಿ. ನಮ್ಮ ಕರಡು ತಿದ್ದುವ ಇಬ್ಬರ ಹೆಸರು ಈ ಸಂಚಿಕೆಯಿಂದ ಮೂರನೇ ಪುಟದಲ್ಲಿರುತ್ತದೆ.