12 ದಿನದಲ್ಲಿ ಮಗಳ ತೂಕ ಇಳಿಸುವುದು ಹೇಗೆ? ಇಳಿಸಬೇಡಿ, 50ರಲ್ಲಿ ಆಡಿಸಿ

ನಿಮ್ಮ ಪ್ರಶ್ನೆಯಲ್ಲಿರುವ ಸಂಖ್ಯೆಗಳನ್ನು ಓದುತ್ತಿದ್ದಂತೆ ನನ್ನ ಹಳೆಯ ಕಪ್ಪು ಹಲಗೆ ಕಣ್ಣೆದುರು ಬಂತು. ಮಗಳಿಗೆ 14 ವರ್ಷ, ಎತ್ತರ 154 ಸೆಂ.ಮೀ., ತೂಕ 47.8 ಕೆ.ಜಿ. ಜಿಲ್ಲಾ ಕುಸ್ತಿಗೆ ಇನ್ನು 12 ದಿನ, 46ರೊಳಗೆ ಬರಬೇಕು ಎಂದು ಕೋಚ್ ಹೇಳಿದ್ದಾರೆ. ಅವಳು ರಾತ್ರಿ ಅರ್ಧ ರೊಟ್ಟಿ ತಿಂದು ಎದ್ದುಹೋಗುತ್ತಾಳೆ, ಕನ್ನಡಿ ಮುಂದೆ ನಿಂತು "ನಾನು ದಪ್ಪ" ಅಂತಾಳೆ. ಏನು ತಿನ್ನಿಸಿದರೆ ಎರಡು ಕೆ.ಜಿ. ಇಳಿಯುತ್ತದೆ ಎಂದು ಕೇಳಿದ್ದೀರಿ. ಅಕ್ಕ, ನಾನು ಹುಡುಗಿಯರಿಗೆ ಕುಸ್ತಿ ಕಲಿಸುವವನು. ಇಳಿಸುವ ದಾರಿ ನಾನು ಹೇಳುವುದಿಲ್ಲ. ಅವಳನ್ನು 50 ಕೆ.ಜಿ. ವಿಭಾಗದಲ್ಲಿ, ಅಂದರೆ 46 ದಾಟಿ 50ರವರೆಗೆ ತೂಗುವವರ ಜೊತೆ, ಆಡಿಸಿ.

ನಾನು ಮಾಡಿದ ತಪ್ಪು ಆ ಹಲಗೆಯ ಮೇಲಿತ್ತು. ಪ್ರತಿ ಸೋಮವಾರ ಬೆಳಿಗ್ಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ತೂಗುತ್ತಿದ್ದೆ. ಹಲಗೆಯಲ್ಲಿ ಮೂರು ಕಾಲಂ: ಹೆಸರು, ಇಂದಿನ ತೂಕ, ಇಳಿಸಬೇಕಾದ್ದು. ಲೆಕ್ಕ ಎಲ್ಲರಿಗೂ ಕಾಣುವಂತಿದ್ದರೆ ಶಿಸ್ತು ಬರುತ್ತದೆ ಎಂದು ನಂಬಿದ್ದೆ. ಮೂರನೇ ಕಾಲಂ ಇದ್ದದ್ದರಿಂದ ಪ್ರತಿ ಮಗುವಿನ ಹೆಸರಿನ ಮುಂದೆ ವಾರವಿಡೀ ಒಂದು ಬಾಕಿ ನಿಂತಿರುತ್ತಿತ್ತು. ಸಾಲ ತೀರಿಸದವರ ಪಟ್ಟಿಯ ಹಾಗೆ. ಪಟ್ಟು ಚೆನ್ನಾಗಿ ಹಾಕಿದ ಹುಡುಗಿಗೂ "1.4 ಬಾಕಿ", ಅಭ್ಯಾಸಕ್ಕೇ ಬಾರದವಳಿಗೆ "ಇಲ್ಲ". ಏನನ್ನು ಹಲಗೆಗೆ ಏರಿಸುತ್ತೇವೋ ಮಕ್ಕಳು ಅದನ್ನೇ ಆಟ ಅಂದುಕೊಳ್ಳುತ್ತಾರೆ. ಸೋಮವಾರದ ತೂಕಕ್ಕಾಗಿ ಭಾನುವಾರ ಉಪವಾಸ, ನೀರು ಬಿಡುವುದು, ತೂಗಿದ ಮೇಲೆ ಸಿಕ್ಕಿದ್ದನ್ನು ತಿನ್ನುವುದು, ತಿಂದದ್ದಕ್ಕೆ ನಾಚಿಕೊಳ್ಳುವುದು, ಮತ್ತೆ ಉಪವಾಸ. ಇಳಿದ ಅಂಕಿಗೆ ನಾನು ಎಲ್ಲರೆದುರು "ಶಾಭಾಷ್" ಅನ್ನುತ್ತಿದ್ದೆ. ಅಂದರೆ ನೀರು ಕುಡಿಯದ ಮಗುವನ್ನು ಹೊಗಳುತ್ತಿದ್ದೆ. 11 ಹುಡುಗಿಯರಿದ್ದ ತಂಡದಲ್ಲಿ ವರ್ಷದ ಕೊನೆಗೆ 4 ಜನ ಉಳಿದರು. ಬಿಟ್ಟುಹೋದ ಯಾರೂ ಕುಸ್ತಿ ಬೇಡ ಅಂದಿರಲಿಲ್ಲ. ಸೋಮವಾರ ಬೇಡ ಅಂದಿದ್ದರು.

ಇನ್ನೊಂದು ಮಾತು. ಮೂರನೇ ಕಾಲಮ್ಮಿನ ಸಂಖ್ಯೆ ಎಲ್ಲಿಂದ ಬರುತ್ತದೆ ಗೊತ್ತೇ? ಎಂಟ್ರಿ ಫಾರ್ಮಿನಿಂದ. ಒಂದು ವಿಭಾಗಕ್ಕೆ ತಂಡದಿಂದ ಒಬ್ಬಳನ್ನೇ ಕಳಿಸುವ ಕಡೆ, 50ರಲ್ಲಿ ಇಬ್ಬರು ಗಟ್ಟಿ ಹುಡುಗಿಯರಿದ್ದು 46 ಖಾಲಿ ಇದ್ದರೆ ಅವರಲ್ಲೊಬ್ಬಳನ್ನು 46ಕ್ಕೆ ತಳ್ಳುತ್ತೇವೆ. ನಿಮ್ಮ ಮಗಳ ವಿಷಯದಲ್ಲೂ ಹೀಗೆಯೇ ಆಗಿದೆಯೇ ಎಂದು ಕೋಚ್ ಹತ್ತಿರ ಕೇಳಿ. ಹಾಗಿದ್ದರೆ ಸಮಸ್ಯೆ ಇರುವುದು ಫಾರ್ಮಿನಲ್ಲಿ, ಅವಳ ಮೈಯಲ್ಲಲ್ಲ. 154 ಸೆಂ.ಮೀ.ಗೆ 47.8 ಎಂದರೆ ಬಿಎಂಐ (ಎತ್ತರಕ್ಕೆ ತೂಕ ಎಷ್ಟು ಎಂಬ ಅಳತೆ) 20ರ ಆಸುಪಾಸು. 14ರ ಹುಡುಗಿಗೆ ಇದು ಆರೋಗ್ಯದ ತೂಕ. ಇದನ್ನು ಅವಳಿಗೂ ಇಷ್ಟೇ ನೇರವಾಗಿ ಹೇಳಿ.

ಈಗ ಆ 1.8 ಕೆ.ಜಿ.ಯ ಲೆಕ್ಕ. ಅದು ಅವಳ ತೂಕದ ಶೇ. 3.8. ಅಷ್ಟೂ ಕೊಬ್ಬೇ ಕರಗಬೇಕೆಂದರೆ, ಕೆ.ಜಿ.ಗೆ 7,700 ಕ್ಯಾಲೊರಿಯಂತೆ, 12 ದಿನವೂ ದಿನಕ್ಕೆ ಸುಮಾರು 1,150 ಕ್ಯಾಲೊರಿ ಕಡಿಮೆ ತಿನ್ನಬೇಕು. ಅವಳ ವಯಸ್ಸಿನ ಹುಡುಗಿಗೆ ದಿನಕ್ಕೆ ಬೇಕಾದದ್ದೇ ಸುಮಾರು 2,400; ಎರಡು ಹೊತ್ತು ಅಭ್ಯಾಸ ಇದ್ದರೆ ಇನ್ನೂ ಹೆಚ್ಚು. ಹಾಗಾಗಿ ನಿಜವಾಗಿ ಇಳಿಯುವುದು ಬೇರೆ. ಮೊದಲು ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆ, ಅಂದರೆ ಗ್ಲೈಕೋಜನ್, ಖಾಲಿಯಾಗುತ್ತದೆ. ಅದರ ಒಂದೊಂದು ಗ್ರಾಂ ಹಿಡಿದಿಟ್ಟುಕೊಂಡ ಸುಮಾರು 3 ಗ್ರಾಂ ನೀರೂ ಜೊತೆಗೇ ಹೋಗುತ್ತದೆ. ತಕ್ಕಡಿ ಎರಡೇ ದಿನದಲ್ಲಿ ಕೆಳಗಿಳಿಯುತ್ತದೆ, ಮನೆಯವರಿಗೆ ಸಮಾಧಾನ. ಆದರೆ ಹೋದದ್ದು ಕುಸ್ತಿಗೆ ಬೇಕಾದ ಇಂಧನ. ಆಮೇಲೆ ಉಳಿದದ್ದನ್ನು ಬೆವರಿಳಿಸಿ ತೆಗೆಯುತ್ತಾರೆ. ಮೈಯ ನೀರು ತೂಕದ ಶೇ. 2ರಷ್ಟು, ಅಂದರೆ ಇವಳಿಗೆ 950 ಗ್ರಾಂ, ಇಳಿದರೇ ಆಟ ಮಂಕಾಗಲು ಸಾಕು: ಎದೆಬಡಿತ ಏರುತ್ತದೆ, ಮೈ ಬಿಸಿಯಾಗುತ್ತದೆ, ಕೈಹಿಡಿತ ಬೇಗ ಸೋಲುತ್ತದೆ, ಎದುರಾಳಿ ಕಾಲಿಗೆ ಬಂದದ್ದು ಅರೆಕ್ಷಣ ತಡವಾಗಿ ತಿಳಿಯುತ್ತದೆ.

ತೂಕ ಕೊಟ್ಟ ಮೇಲೆ, ಅಂದರೆ ಕೂಟದವರು ತೂಗಿ ನೋಡಿದ ಮೇಲೆ, ತಿಂದು ಕುಡಿದು ಸರಿಮಾಡಿಕೊಳ್ಳಬಹುದಲ್ಲ ಎಂದು ಹೇಳುವವರು ಹಳೆಯ ಪದ್ಧತಿಯ ನೆನಪಿನಲ್ಲಿದ್ದಾರೆ. ಈಗ ತೂಕ ಕೊಡುವುದು ಆಟದ ದಿನ ಬೆಳಿಗ್ಗೆಯೇ. ಖಾಲಿಯಾದ ಗ್ಲೈಕೋಜನ್ ತುಂಬಲು ಒಂದು ಹಗಲು-ರಾತ್ರಿ ಬೇಕು, ನೀರಿನ ಸಮತೋಲ ಮರಳಲು ಹಲವು ತಾಸು. ಮೊದಲ ಕುಸ್ತಿ ಅಷ್ಟು ಹೊತ್ತು ಕಾಯುವುದಿಲ್ಲ. 2024ರ ಆಗಸ್ಟ್ 7ರ ಪ್ಯಾರಿಸ್ ಬೆಳಿಗ್ಗೆ ನಮಗೆಲ್ಲ ನೆನಪಿದೆ. ಟೋಕಿಯೊದಲ್ಲಿ 53ರಲ್ಲಿ ಆಡಿದ್ದ ವಿನೇಶ್ ಫೋಗಟ್ 50ಕ್ಕೆ ಇಳಿದಿದ್ದರು. ಫೈನಲ್ ದಿನದ ತೂಕದಲ್ಲಿ 100 ಗ್ರಾಂ ಹೆಚ್ಚಾಗಿ ಅನರ್ಹರಾದರು. ಅವರು ಬೆಳೆದ ಹೆಣ್ಣುಮಗಳು, ಜೊತೆಗೆ ವೈದ್ಯರ ತಂಡ ಇತ್ತು, ಎದುರಿಗೆ ಒಲಿಂಪಿಕ್ ಪದಕ ಇತ್ತು. ನಿಮ್ಮ ಮಗಳು ಇನ್ನೂ ಎತ್ತರ ಬೆಳೆಯುತ್ತಿರುವ ಮಗು.

ಅಮೆರಿಕದಲ್ಲಿ 1997ರ ನವೆಂಬರ್–ಡಿಸೆಂಬರ್‌ನಲ್ಲಿ ತೂಕ ಇಳಿಸಲು ಹೋಗಿ ಮೂವರು ಕಾಲೇಜು ಕುಸ್ತಿಪಟುಗಳು ಸತ್ತರು. ಅದಾದ ಮೇಲೆ ಅಲ್ಲಿ ಕಟ್ಟುನಿಟ್ಟಿನ ನಿಯಮ ಬಂತು. ಅಲ್ಲಿನ ಹೈಸ್ಕೂಲ್ ಕುಸ್ತಿಯಲ್ಲಿ ಮೊದಲು ಮೂತ್ರ ಪರೀಕ್ಷಿಸಿ ಮೈಯಲ್ಲಿ ನೀರು ಸಾಕಷ್ಟಿದೆ ಎಂದು ನೋಡುತ್ತಾರೆ. ಹುಡುಗಿಯರ ದೇಹದ ಕೊಬ್ಬು ಶೇ. 12ಕ್ಕಿಂತ ಕೆಳಗಿಳಿಯುವ ವಿಭಾಗಕ್ಕೆ ಬಿಡುವುದಿಲ್ಲ, ವಾರಕ್ಕೆ ತೂಕದ ಶೇ. 1.5ಕ್ಕಿಂತ ಹೆಚ್ಚು ಇಳಿಸಲೂ ಬಿಡುವುದಿಲ್ಲ. ಅದರ ಪ್ರಕಾರವೂ ನಿಮ್ಮ ಮಗಳಿಗೆ 12 ದಿನಕ್ಕೆ ಸಿಗುವುದು 1.2 ಕೆ.ಜಿ. ಮಾತ್ರ. 46ಕ್ಕೆ ಬರುವ ದಾರಿ ಅಲ್ಲೂ ಇಲ್ಲ.

"ನಾನು ದಪ್ಪ" ಎಂಬ ಮಾತಿಗೆ ಬರುತ್ತೇನೆ. ಈ ವಯಸ್ಸಿನಲ್ಲಿ ಹುಡುಗಿಯರ ತೊಡೆ, ಸೊಂಟ, ಎದೆ ತುಂಬಿಕೊಳ್ಳುವುದು ಬೆಳವಣಿಗೆಯ ಭಾಗ. ದೊಡ್ಡವರಾದಾಗಿನ ಮೂಳೆಯ ಖನಿಜದಲ್ಲಿ ಸುಮಾರು ಕಾಲುಭಾಗ ಎತ್ತರ ರಭಸದಿಂದ ಏರುವ ಎರಡು ವರ್ಷಗಳಲ್ಲೇ ಸೇರುತ್ತದೆ. ಆಗ ಅರೆಹೊಟ್ಟೆಯಲ್ಲಿಟ್ಟರೆ ಮುಟ್ಟು ತಪ್ಪುತ್ತದೆ, ಮೂಳೆ ಸೊರಗುತ್ತದೆ. ಮತ್ತೆ, ಅವಳ ಕಾಸ್ಟ್ಯೂಮ್ ನೋಡಿ. ಇದನ್ನು ಯಾರೂ ಗಮನಿಸುವುದಿಲ್ಲ. ಕಳೆದ ವರ್ಷದ ಕಾಸ್ಟ್ಯೂಮ್ ಈ ವರ್ಷ ಉದ್ದಕ್ಕೇ ಸಾಲದು. ಭುಜದ ಪಟ್ಟಿ ಕಚ್ಚುತ್ತದೆ, ತೊಡೆಯ ಅಂಚು ಮೇಲೇರಿ ಮಾಂಸ ಒತ್ತಿ ಕಾಣುತ್ತದೆ. ಬೆಳೆದದ್ದು ಎತ್ತರ, ಮಗುವಿಗೆ ಕಾಣುವುದು ದಪ್ಪ. ಎತ್ತರ ಮತ್ತು ಸೊಂಟದ ಅಳತೆ ಎರಡನ್ನೂ ಕೊಟ್ಟು ಹೊಸದು ತರಿಸಿ, ಒಳಗೆ ಒಳ್ಳೆಯ ಸ್ಪೋರ್ಟ್ಸ್ ಬ್ರಾ ಇರಲಿ. ಅಭ್ಯಾಸಕ್ಕೆ ಟೀ ಶರ್ಟ್, ಟ್ರ್ಯಾಕ್ ಪ್ಯಾಂಟ್ ಹಾಕಿಕೊಳ್ಳಲು ಬಿಡಬೇಕೆಂದು ಕೋಚ್‌ಗೆ ಹೇಳಿ.

ಮದುವೆ-ಮುಂಜಿಗಳಲ್ಲಿ "ಏನೇ, ಊದಿಕೊಂಡಿದ್ದೀಯಲ್ಲ" ಅನ್ನುವ ಅತ್ತೆ-ಚಿಕ್ಕಮ್ಮಂದಿರನ್ನು ಅಲ್ಲೇ ತಡೆಯಿರಿ. "ಸಣ್ಣಗಾಗಿ ಚೆಂದ ಕಾಣ್ತೀಯ" ಎಂಬ ಹೊಗಳಿಕೆಯೂ ಬೇಡ, ಅದೂ ನನ್ನ ಹಲಗೆಯದೇ ತುಂಡು. ಹೊಗಳಲೇಬೇಕೆಂದರೆ ಮಾಡಿದ ಕೆಲಸವನ್ನು ಹೆಸರಿಟ್ಟು ಹೊಗಳಿ: "ಇವತ್ತು ಕಾಲು ಹಿಡಿದವಳು ಬಿಡಲೇ ಇಲ್ಲ."

ತೂಕ ನೋಡಲೇಬೇಕಾಗುತ್ತದೆ, ವಿಭಾಗದ ಆಟವಲ್ಲವೇ. ಆದರೆ 15 ದಿನಕ್ಕೊಮ್ಮೆ ಸಾಕು. ಬೆಳಿಗ್ಗೆ ಎದ್ದು ಮೂತ್ರ ಮಾಡಿ ಬಂದ ಮೇಲೆ, ತಿನ್ನುವ ಮೊದಲು, ತೆಳು ಬಟ್ಟೆಯಲ್ಲಿ, ಅದೇ ತಕ್ಕಡಿ, ಗಟ್ಟಿ ನೆಲ. ತಕ್ಕಡಿ ಸರಿಯಿದೆಯೇ ನೋಡಲು ನೀವೇ ಹತ್ತಿ ನಿಂತು, ಆಮೇಲೆ ವ್ಯಾಯಾಮದ 5 ಕೆ.ಜಿ. ಪ್ಲೇಟ್ ಹಿಡಿದು ನಿಲ್ಲಿ. ವ್ಯತ್ಯಾಸ 5ಕ್ಕೆ ಬರಬೇಕು. ಕೋಣೆಯಲ್ಲಿ ಅವಳು ಮತ್ತು ನೀವು ಇಬ್ಬರೇ. ದಿನದಿಂದ ದಿನಕ್ಕೆ ಅರ್ಧದಿಂದ ಒಂದು ಕೆ.ಜಿ. ಏರಿಳಿಯುವುದು ಸಹಜ, ಮುಟ್ಟಿನ ಹಿಂದಿನ ದಿನಗಳಲ್ಲಿ ನೀರು ನಿಂತು ಇನ್ನೂ ಹೆಚ್ಚಬಹುದು. ಇದನ್ನು ಅವಳಿಗೆ ಮೊದಲೇ ತಿಳಿಸಿ. ನನ್ನ ತಂಡದಲ್ಲಿ ಈಗ ಹಲಗೆ ಇಲ್ಲ. ಒಬ್ಬೊಬ್ಬರಿಗೂ ಒಂದು ನೋಟ್‌ಬುಕ್: ನಿದ್ದೆಯ ತಾಸು, ಹೊಸ ಪಟ್ಟು, ನೋವು ಎಲ್ಲಿ, ಮುಟ್ಟಿನ ದಿನಾಂಕ, ಮೂರು ತಿಂಗಳಿಗೊಮ್ಮೆ ಎತ್ತರ. ಹುಡುಗಿಯರ ತೂಕ ನೋಡುವುದು ನಮ್ಮ ಮಹಿಳಾ ಸಹಾಯಕಿ, ಬಾಗಿಲು ಹಾಕಿಕೊಂಡು.

ಊಟದ ವಿಷಯ. ಅರ್ಧ ರೊಟ್ಟಿಯನ್ನು ಇವತ್ತೇ ನಿಲ್ಲಿಸಬೇಕು, ಬಲವಂತದಿಂದಲ್ಲ, ಜೊತೆಗೆ ಕೂತು. ಬೆಳಗಿನ ಅಭ್ಯಾಸಕ್ಕೆ ಮುಂಚೆ ಒಂದು ಬಾಳೆಹಣ್ಣು, ಅರ್ಧ ಲೋಟ ಹಾಲು. ಅಭ್ಯಾಸ ಮುಗಿದ ಒಂದು ತಾಸಿನೊಳಗೆ ರಾಗಿ ಮುದ್ದೆ ಅಥವಾ ದಪ್ಪ ಅಂಬಲಿ, ಜೊತೆಗೆ 2 ಮೊಟ್ಟೆ. ಮೊಟ್ಟೆ ತಿನ್ನದಿದ್ದರೆ ಒಂದು ಬಟ್ಟಲು ಹೆಸರುಕಾಳಿನ ಉಸಲಿ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 350 ಮಿ.ಗ್ರಾಂ. ಕ್ಯಾಲ್ಸಿಯಂ ಇದೆ, ಒಂದು ದೊಡ್ಡ ಲೋಟ ಹಾಲಿನಲ್ಲಿ 300. ಮಧ್ಯಾಹ್ನ 3 ಜೋಳದ ರೊಟ್ಟಿ, ಕಾಳುಪಲ್ಯ, ಸೊಪ್ಪು, ಮೊಸರು. ಸೊಪ್ಪಿನ ಮೇಲೆ ನಿಂಬೆಹುಳಿ ಹಿಂಡಿ, ಊಟದ ಹಿಂದೆ-ಮುಂದೆ ಒಂದು ತಾಸು ಚಹಾ ಬೇಡ. ಚಹಾ ಕಬ್ಬಿಣಾಂಶ ಹೀರದಂತೆ ತಡೆಯುತ್ತದೆ. ಸಂಜೆ 4ಕ್ಕೆ ಶೇಂಗಾ ಚಿಕ್ಕಿ ಅಥವಾ ಅವಲಕ್ಕಿ. ರಾತ್ರಿ ಮನೆಯವರು ಉಣ್ಣುವುದೇ, ಹೊಟ್ಟೆ ತುಂಬ. ಎಚ್ಚರ ಇರುವಾಗ 4 ತಾಸಿಗಿಂತ ಹೆಚ್ಚು ಹೊಟ್ಟೆ ಖಾಲಿ ಬಿಡಬೇಡಿ. ಮೂತ್ರ ತಿಳಿ ಹುಲ್ಲಿನ ಬಣ್ಣದಲ್ಲಿದ್ದರೆ ನೀರು ಸಾಕಷ್ಟು ಹೋಗಿದೆ.

ಮೂರು ತಿಂಗಳಿಂದ ಮುಟ್ಟಾಗಿಲ್ಲ, 15 ತುಂಬಿದರೂ ಮುಟ್ಟು ಶುರುವಾಗಿಲ್ಲ, ತಲೆಸುತ್ತು, ಮೊಣಕಾಲ ಕೆಳಗಿನ ಮೂಳೆಯಲ್ಲಿ ಒತ್ತಿದರೆ ಒಂದೇ ಕಡೆ ನೋವು, ಸದಾ ಚಳಿ, ಉಂಡ ಕೂಡಲೇ ಬಚ್ಚಲಿಗೆ ಹೋಗುವುದು, ಎಲ್ಲರ ಜೊತೆ ಉಣ್ಣಲು ಒಲ್ಲೆ ಅನ್ನುವುದು: ಇವುಗಳಲ್ಲಿ ಒಂದಿದ್ದರೂ ಅಭ್ಯಾಸ ನಿಲ್ಲಿಸಿ ಮಕ್ಕಳ ವೈದ್ಯರ ಹತ್ತಿರ ಹೋಗಿ. ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣಾಂಶದ ಅಳತೆ), ವಿಟಮಿನ್ ಡಿ ಪರೀಕ್ಷೆಯ ಬಗ್ಗೆ ನೀವಾಗಿಯೇ ಕೇಳಿ. ಊಟದ ಬಗ್ಗೆ ಅವಳ ಮನಸ್ಸು ತುಂಬ ಹದಗೆಟ್ಟಿದೆ ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಕೋಚ್ ಜೊತೆ ಮಾತಾಡುವುದು ಅಭ್ಯಾಸದ ಹೊತ್ತಿನಲ್ಲಿ ಬೇಡ, ಮಗಳೆದುರು ಬೇಡ. "ಸರ್, ಇವಳು 50ರಲ್ಲಿ ಆಡಲಿ, ತೂಕ ಇಳಿಸುವುದಕ್ಕೆ ಮನೆಯಲ್ಲಿ ಒಪ್ಪಿಗೆ ಇಲ್ಲ" ಎಂದು ನೇರವಾಗಿ ಹೇಳಿ. 50ರ ಜಾಗ ತುಂಬಿದೆ ಎಂದರೆ, ಆ ಜಾಗಕ್ಕೆ ಇಬ್ಬರಿಗೂ ಆಯ್ಕೆ ಕುಸ್ತಿ ಆಡಿಸಿ ಎಂದು ಕೇಳಿ. ಸೋತರೆ ಈ ಸಲ ಹೋಗುವುದಿಲ್ಲ, ಅಷ್ಟೇ. 14ರಲ್ಲಿ ಒಂದು ಜಿಲ್ಲಾ ಕೂಟ ತಪ್ಪಿದರೆ ಏನೂ ಕೆಡುವುದಿಲ್ಲ.

ಆಡುವುದಾದರೆ, 50ರವರು ಅವಳಿಗಿಂತ ಎರಡು ಕೆ.ಜಿ. ಭಾರ ಇರುತ್ತಾರೆ, ಅದಕ್ಕೆ ತಯಾರಿ ಬೇಕು. ಈ ವಯಸ್ಸಿನ ಕುಸ್ತಿ ತಲಾ 2 ನಿಮಿಷದ ಎರಡು ಸುತ್ತು, ನಡುವೆ 30 ಸೆಕೆಂಡ್ ಬಿಡುವು. ಮುಂದಿನ 9 ದಿನ 51–52 ಕೆ.ಜಿ.ಯ ಜೋಡಿ ಜೊತೆ 2 ನಿಮಿಷದ 6 ಸುತ್ತು, ದಿನ ಬಿಟ್ಟು ದಿನ. ಭಾರದವರ ಜೊತೆ ಎದೆಗೆ ಎದೆ ಕೊಟ್ಟು ಸೊಂಟ ಹಿಡಿಯಲು ಹೋದರೆ ಇವಳೇ ಕೆಳಗೆ ಬೀಳುತ್ತಾಳೆ. ಕೈಗೆ ಕೈ ಕೊಟ್ಟು ಎದುರಾಳಿಯ ಮಣಿಕಟ್ಟು ಹಿಡಿಯುವುದು, ಬದಿಗೆ ಸರಿದು ಒಂದೇ ಕಾಲಿಗೆ ಹೋಗುವುದು, ಎದುರಾಳಿ ಕಾಲಿಗೆ ಬಂದಾಗ ಸೊಂಟ ಹಿಂದೆಸೆದು ಅವಳ ಬೆನ್ನಿನ ಮೇಲೆ ಭಾರ ಹಾಕುವುದು: ಈ ಮೂರೇ ಸಾಕು. ಕೊನೆಯ ಮೂರು ದಿನ ಹಗುರ ಅಭ್ಯಾಸ, 9 ತಾಸು ನಿದ್ದೆ.

ಆಟದ ದಿನ ಉಗುರು ಕತ್ತರಿಸಿರಲಿ, ಕೂದಲು ಬಿಗಿಯಾಗಿ ಕಟ್ಟಿರಲಿ. ತೂಕ ಕೊಡುವ ಮೊದಲೇ 2 ಇಡ್ಲಿ, ಒಂದು ಬಾಳೆಹಣ್ಣು, ಒಂದು ಲೋಟ ಹಾಲು ಕೊಡಿ. ಅಷ್ಟೂ ಹೊಟ್ಟೆಯಲ್ಲಿಟ್ಟುಕೊಂಡು ತಕ್ಕಡಿ ಹತ್ತಿದರೂ 50ಕ್ಕೆ ಒಂದೂವರೆ ಕೆ.ಜಿ. ಆಚೀಚೆ ಕಡಿಮೆಯೇ ಇರುತ್ತಾಳೆ.