ಪಟ್ಟಿಯಲ್ಲಿ ಇಲ್ಲದ ಮಾತ್ರೆ

ಎಡಿಎಚ್‌ಡಿ (ಗಮನ ಒಂದೆಡೆ ನಿಲ್ಲದ ತೊಂದರೆ) ಇದೆ ಎಂದು ದೊಡ್ಡವರಾದ ಮೇಲೆ ಗೊತ್ತಾದವರಲ್ಲಿ ಒಂದು ಅಭ್ಯಾಸ ನೋಡುತ್ತಿರುತ್ತೇನೆ. ಅವರು ಮಾತ್ರೆಗಳ ಬಗ್ಗೆ ಓದುತ್ತಾರೆ, ಸಿಕ್ಕಾಪಟ್ಟೆ ಓದುತ್ತಾರೆ. ಒಂದು ಪುಟ ಓದಿ ಮುಗಿಸಲು ಆಗಲ್ಲ ಎಂದು ಬಂದವರೇ ಈ ವಿಷಯಕ್ಕೆ ರಾತ್ರಿಯಿಡೀ ಕೂರುತ್ತಾರೆ. ಇದರಲ್ಲಿ ಆಶ್ಚರ್ಯವೇನಿಲ್ಲ. ಕುತೂಹಲ ಹುಟ್ಟಿದ ಕಡೆ ಗಮನ ಅಂಟಿಕೊಳ್ಳುವುದೂ ಈ ತೊಂದರೆಯ ಇನ್ನೊಂದು ಮುಖವೇ. ಕೊನೆಗೆ ಆಪ್ತಸಲಹೆಗಾರ್ತಿಯಾದ ನನ್ನ ಮುಂದೆ ಕೂತು, ‘ಇದರಲ್ಲಿ ಯಾವುದು ಬೆಸ್ಟ್ ಮೇಡಂ?’ ಎನ್ನುತ್ತಾರೆ.

ಅಂಥವರಲ್ಲಿ ಒಬ್ಬರ ವಿಷಯ ಇದು. ಅವರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ವಿವರ ಬದಲಿಸಿ ಬರೆಯುತ್ತಿದ್ದೇನೆ.

ಮೂವತ್ತು ದಾಟಿದವರು, ಮದುವೆಯಾಗಿದೆ, ಲೆಕ್ಕಪತ್ರದ ಕೆಲಸ. ಕೆಲಸ ತಪ್ಪಾಗುತ್ತದೆ, ತಡವಾಗುತ್ತದೆ, ಮನೆಯಲ್ಲಿ ಜಗಳವಾಗುತ್ತದೆ. ಹತ್ತು ಕಡೆ ಕೇಳಿದ ಕಥೆಯೇ, ಹೆಚ್ಚು ಬೆಳೆಸುವುದಿಲ್ಲ. ಮನೋವೈದ್ಯರು ಪರೀಕ್ಷಿಸಿ ಎಡಿಎಚ್‌ಡಿ ಎಂದಿದ್ದರು. ಮೀಥೈಲ್‌ಫೆನಿಡೇಟ್‌ನಂಥ ಸ್ಟಿಮ್ಯುಲಂಟ್ (ಮಿದುಳನ್ನು ಚುರುಕುಗೊಳಿಸುವ ಔಷಧಿ) ಬೇಡ, ಅಭ್ಯಾಸವಾಗಿಬಿಟ್ಟರೆ ಎಂಬ ಭಯ ಇವರಿಗೆ. ಹಾಗಾಗಿ ಅಟೊಮಾಕ್ಸೆಟಿನ್ ಶುರುವಾಗಿತ್ತು. ಮೊದಲು 40 ಮಿಲಿಗ್ರಾಂ, ಕೆಲವೇ ದಿನಗಳಲ್ಲಿ 80. ದೊಡ್ಡವರಿಗೆ ಸಾಮಾನ್ಯವಾಗಿ ಹಾಗೇ ಏರಿಸುತ್ತಾರೆ.

ಎರಡನೇ ವಾರ ನನ್ನ ಬಳಿ ಬಂದಾಗ ಕೈಯಲ್ಲಿ ಒಂದು ಪಟ್ಟಿ ಇತ್ತು. ನಾರ್‌ಎಪಿನೆಫ್ರಿನ್ ಎಂಬ, ನರಕೋಶಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕವನ್ನು ಹೆಚ್ಚಿಸುವ ಔಷಧಿಗಳ ಹೋಲಿಕೆ. ಅಟೊಮಾಕ್ಸೆಟಿನ್ ಸಾಲಿನ ಮುಂದೆ ಕೆಂಪು ಅಕ್ಷರದಲ್ಲಿ ‘ನನಗೆ ಆಗಲ್ಲ’ ಎಂದು ಬರೆದಿದ್ದರು. ಮುಂದಿನದು ಯಾವುದು ಎಂದು ನಾನು ಹೇಳಬೇಕಿತ್ತು.

ಪಟ್ಟಿ ಚೆನ್ನಾಗಿಯೇ ಇತ್ತು, ಸುಳ್ಳು ಹೇಳಲಾರೆ. ಅಟೊಮಾಕ್ಸೆಟಿನ್ 2002ರಲ್ಲಿ ಅಮೆರಿಕದಲ್ಲಿ ಎಡಿಎಚ್‌ಡಿಗೆ ಒಪ್ಪಿಗೆ ಪಡೆದ ಮೊದಲ ನಾನ್‌ಸ್ಟಿಮ್ಯುಲಂಟ್. ನರಕೋಶ ಬಿಟ್ಟ ನಾರ್‌ಎಪಿನೆಫ್ರಿನ್ ಮತ್ತೆ ಒಳಗೆ ಸೇರದಂತೆ ಅದು ತಡೆಯುತ್ತದೆ. ಮಿದುಳಿನ ಮುಂಭಾಗದಲ್ಲಿ ಡೋಪಮಿನ್ ಎಂಬ ಇನ್ನೊಂದು ರಾಸಾಯನಿಕವೂ ಬಹಳಷ್ಟು ಅದೇ ದಾರಿಯಲ್ಲಿ ಒಳಗೆ ಹೋಗುವುದರಿಂದ, ಆ ಜಾಗದಲ್ಲಿ ಅದೂ ಹೆಚ್ಚುತ್ತದೆ. ಮಜಾ ಕೊಡುವ ಕೇಂದ್ರಗಳಲ್ಲಿ ಹಾಗೆ ಹೆಚ್ಚುವುದಿಲ್ಲ. ಅದಕ್ಕೇ ಚಟದ ಭಯ ಕಡಿಮೆ. ಎರಡನೇ ಸಾಲಿನಲ್ಲಿ ವಿಲೋಕ್ಸಜಿನ್. ಹಿಂದೆ ಯುರೋಪಿನಲ್ಲಿ ಖಿನ್ನತೆಗೆ ಕೊಡುತ್ತಿದ್ದ ಔಷಧಿ. ಹೊಸ ರೂಪದಲ್ಲಿ 2021ರಲ್ಲಿ ಮಕ್ಕಳ ಎಡಿಎಚ್‌ಡಿಗೆ, 2022ರಲ್ಲಿ ದೊಡ್ಡವರಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಮೂರನೆಯದು ಬುಪ್ರೊಪಿಯಾನ್. ಖಿನ್ನತೆಗೆ, ಸಿಗರೇಟು ಬಿಡಿಸಲು ಬಳಸುವಂಥದ್ದು, ಎಡಿಎಚ್‌ಡಿಗೆ ಅಧಿಕೃತ ಒಪ್ಪಿಗೆ ಇಲ್ಲದಿದ್ದರೂ ವೈದ್ಯರು ಕೆಲವೊಮ್ಮೆ ಕೊಡುತ್ತಾರೆ. ಡೋಸ್ ಹೆಚ್ಚಾದರೆ ಫಿಟ್ಸ್ ಅಪಾಯವಿದೆ ಎಂದೂ ಬರೆದುಕೊಂಡಿದ್ದರು. ಗ್ವಾನ್‌ಫಸಿನ್, ಕ್ಲೊನಿಡಿನ್ ಕೂಡ ಸೇರಿಸಿದ್ದರು. ಅವು ನಾರ್‌ಎಪಿನೆಫ್ರಿನ್ ಹೆಚ್ಚಿಸುವುದಿಲ್ಲ, ಅದು ಹೋಗಿ ಕೂರುವ ಒಂದು ಬಗೆಯ ಗ್ರಾಹಕಗಳನ್ನು ತಾವೇ ಚುರುಕು ಮಾಡುತ್ತವೆ. ಬಿಪಿ ಇಳಿಸುತ್ತವೆ, ಏಕಾಏಕಿ ನಿಲ್ಲಿಸಿದರೆ ಬಿಪಿ ನೆಗೆಯುತ್ತದೆ. ಇವೆರಡನ್ನು ಹೆಚ್ಚಿಸುವ ಔಷಧಿಗಳ ಜೊತೆ ಸೇರಿಸಿದ್ದು, ಇಡೀ ಪಟ್ಟಿಯಲ್ಲಿ ನನಗೆ ಕಂಡ ತಪ್ಪು ಅದೊಂದೇ.

‘ಅಟೊಮಾಕ್ಸೆಟಿನ್ ಯಾಕೆ ಆಗಲ್ಲ?’ ಎಂದೆ.

‘ಎದೆ ಢವಢವ ಅನ್ನುತ್ತೆ. ಬಾಯಿ ಒಣಗುತ್ತೆ. ಮೂತ್ರಕ್ಕೆ ಹೋದರೆ ಸುಮ್ನೆ ನಿಂತಿರಬೇಕು. ನಿದ್ದೆ ಇಲ್ಲ. ಗಮನ ಮಾತ್ರ ಇದ್ದಲ್ಲೇ ಇದೆ.’

ಗಮನದ ಮಾತಿಗೆ ಉತ್ತರ ಸುಲಭ. ಸ್ಟಿಮ್ಯುಲಂಟ್ ನುಂಗಿದ ಒಂದು ಗಂಟೆಯೊಳಗೆ ಗೊತ್ತಾಗುತ್ತದೆ. ಅಟೊಮಾಕ್ಸೆಟಿನ್‌ಗೆ ನಾಲ್ಕರಿಂದ ಆರು ವಾರ ಬೇಕು, ಪೂರ್ತಿ ಗುಣ ಕಾಣಲು ಇನ್ನೂ ಜಾಸ್ತಿ. ಉಳಿದ ತೊಂದರೆಗಳೂ ಈ ಔಷಧಿಗೆ ಗೊತ್ತಿರುವಂಥವೇ. ಆದರೆ ಎಲ್ಲ ಒಟ್ಟಿಗೆ, ಇಷ್ಟು ಜೋರಾಗಿ? ಅಲ್ಲಿ ನನಗೆ ಅನುಮಾನ ಬಂತು.

‘ಬೇರೆ ಯಾವ ಮಾತ್ರೆ ತಗೊಳ್ತೀರಿ?’

‘ಯಾವುದೂ ಇಲ್ಲ.’

ಕಾಫಿ ಎಷ್ಟು ಎಂದು ಕೇಳಿದೆ. ದಿನಕ್ಕೆ ಆರು ಲೋಟ ಎಂದರು. ಇವರ ಆಸೆ ಇದ್ದದ್ದು ವಿಲೋಕ್ಸಜಿನ್ ಮೇಲೆ. ಕೆಫೀನನ್ನು ಕರಗಿಸುವ ಕಿಣ್ವವನ್ನು ಅದು ಬಲವಾಗಿ ಅಡಗಿಸುತ್ತದೆ. ಆರು ಲೋಟದ ಕೆಫೀನ್ ದೇಹ ಬಿಟ್ಟು ಹೋಗದೆ ಉಳಿದರೆ ಎದೆ ಢವಢವ ನಿಲ್ಲುವುದಿರಲಿ, ಹೆಚ್ಚಾಗುತ್ತದೆ. ಅದನ್ನು ಹೇಳುತ್ತಿದ್ದಾಗ ಅವರು ಮಧ್ಯೆ ಬಾಯಿ ಹಾಕಿದರು.

‘ಹಾಗಾದರೆ ಒಂದು ಮಾತ್ರೆಗೂ ಇನ್ನೊಂದಕ್ಕೂ ಹೀಗೇ ಆಗುತ್ತಾ ಮೇಡಂ?’

‘ಆಗುತ್ತೆ. ಯಾಕೆ?’

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ಒಂದಿದೆ. ಅದು ಲೆಕ್ಕಕ್ಕೆ ಬರಲ್ಲ. ಅದು ಬೇರೆ ವಿಷಯಕ್ಕೆ,’ ಎಂದರು.

ಅದು ಪ್ಯಾರಾಕ್ಸೆಟಿನ್. ಹೆಂಡತಿಯ ಜೊತೆಗಿನ ದೈಹಿಕ ಸಂಬಂಧದಲ್ಲಿ ಬೇಗ ಮುಗಿದುಹೋಗುವ ತೊಂದರೆಗೆ ಬೇರೊಬ್ಬ ವೈದ್ಯರು ಬಹಳ ಹಿಂದೆ ಬರೆದುಕೊಟ್ಟದ್ದು. ಹೆಂಡತಿಗೆ ಗೊತ್ತಿಲ್ಲ. ಮನೋವೈದ್ಯರು ‘ಬೇರೆ ಏನಾದರೂ ತಗೋತೀರಾ?’ ಎಂದು ಕೇಳಿದಾಗ ಹೆಂಡತಿ ಪಕ್ಕದಲ್ಲೇ ಕೂತಿದ್ದರು. ಇಲ್ಲ ಎಂದುಬಿಟ್ಟರು.

ಅಟೊಮಾಕ್ಸೆಟಿನ್ ದೇಹದಿಂದ ಹೋಗುವುದು ಮುಖ್ಯವಾಗಿ ಯಕೃತ್ತಿನ ಸಿವೈಪಿ2ಡಿ6 ಎಂಬ ಕಿಣ್ವದ ಮೂಲಕ. ಪ್ಯಾರಾಕ್ಸೆಟಿನ್ ಅದನ್ನೇ ತಡೆಯುತ್ತದೆ. ಬಚ್ಚಲಿನ ಕಿಂಡಿ ಕಟ್ಟಿಕೊಂಡ ಹಾಗೆ, ದಿನಾ ಸುರಿದದ್ದು ಒಳಗೇ ತುಂಬುತ್ತಾ ಹೋಗುತ್ತದೆ. ಸುಮಾರು 5 ಗಂಟೆಯಲ್ಲಿ ಅರ್ಧಕ್ಕಿಳಿಯಬೇಕಾದ ಔಷಧಿ, ಈ ಕಿಣ್ವ ಹುಟ್ಟಿನಿಂದಲೇ ಕೆಲಸ ಮಾಡದವರಲ್ಲಿ ಅರ್ಧಕ್ಕಿಳಿಯಲು 20 ಗಂಟೆಗೂ ಹೆಚ್ಚು ಹಿಡಿಯುತ್ತದೆ. ಪ್ಯಾರಾಕ್ಸೆಟಿನ್ ನುಂಗುವವರೂ ಹೆಚ್ಚುಕಡಿಮೆ ಅವರ ಹಾಗೇ ಆಗುತ್ತಾರೆ. ಇಂಥವರಿಗೆ 40 ಮಿಲಿಗ್ರಾಂನಲ್ಲೇ ನಾಲ್ಕು ವಾರ ಇಟ್ಟು, ಬೇಕಾದರೆ ಮಾತ್ರ ಏರಿಸಬೇಕು ಎಂಬ ನಿಯಮವಿದೆ. ಡಾಕ್ಟರಿಗೆ ಗೊತ್ತಿದ್ದರೆ ಹಾಗೇ ಮಾಡುತ್ತಿದ್ದರು. ಇವರ ಮೂರನೇ ಆಯ್ಕೆ ಬುಪ್ರೊಪಿಯಾನ್ ಕೂಡ ಅದೇ ಕಿಣ್ವವನ್ನು ತಡೆಯುವಂಥದ್ದು. ಅಂದರೆ ಅಟೊಮಾಕ್ಸೆಟಿನ್ ಕೆಟ್ಟದ್ದು ಎಂದು ತೀರ್ಮಾನಿಸಲು ಇವರ ಬಳಿ ಆಧಾರವೇ ಇರಲಿಲ್ಲ. ಆ ಔಷಧಿಯನ್ನು ಇವರು ಸರಿಯಾಗಿ ಪರೀಕ್ಷಿಸಿಯೇ ಇರಲಿಲ್ಲ.

ನಾನು ಕೊಟ್ಟ ಸಲಹೆ ಇಷ್ಟು. ಎದೆಬಡಿತ ಜೋರಾಗಿರುವುದರಿಂದ ಇವತ್ತೇ, ಇಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿ. ಎದೆನೋವು, ತಲೆಸುತ್ತು ಬಂದರೆ ಯಾರಿಗೂ ಕಾಯದೆ ಆಸ್ಪತ್ರೆಗೆ ಹೋಗಿ. ಪ್ಯಾರಾಕ್ಸೆಟಿನ್ ಅನ್ನು ಗಾಬರಿಯಲ್ಲಿ ನಿಲ್ಲಿಸಬೇಡಿ, ಏಕಾಏಕಿ ಬಿಟ್ಟರೆ ಅದರದ್ದೇ ಬೇರೆ ಕಾಟ ಶುರುವಾಗುತ್ತದೆ. ನುಂಗುವುದೆಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಡಿ, ಕೆಮ್ಮಿನ ಔಷಧಿ, ಕಾಫಿ ಸಮೇತ. ಡಾಕ್ಟರ ಜೊತೆ ಹತ್ತು ನಿಮಿಷ ಒಬ್ಬರೇ ಮಾತಾಡಬೇಕು ಎಂದು ಕೇಳಿ, ಅದು ನಿಮ್ಮ ಹಕ್ಕು.

‘ನೀವೇ ಹೇಳಿಬಿಡಿ ಮೇಡಂ,’ ಎಂದರು. ನಾನು ಒಪ್ಪಲಿಲ್ಲ. ಇದು ಕಠಿಣವಾಯಿತು ಎಂದು ನನ್ನ ಸಹೋದ್ಯೋಗಿಯೊಬ್ಬರು ಆಮೇಲೆ ಹೇಳಿದರು. ಮಾತ್ರೆಗಳ ವಿಷಯಕ್ಕೆ ಆಪ್ತಸಲಹೆಗಾರರು ಯಾಕೆ ಕೈ ಹಾಕಬೇಕು ಎನ್ನುವವರೂ ಇದ್ದಾರೆ. ಮಾತ್ರೆ ಬರೆಯುವುದು, ಬದಲಿಸುವುದು ನನ್ನ ಕೆಲಸವಲ್ಲ, ಗೊತ್ತಿದೆ. ಯಾವುದು ಬೆಸ್ಟ್ ಎಂದೂ ನಾನು ಹೇಳಲಿಲ್ಲ. ಆದರೆ ಡಾಕ್ಟರಿಗೆ ಹೇಳದ್ದನ್ನು ಜನ ನಮ್ಮ ಮುಂದೆ ಹೇಳುತ್ತಾರೆ. ಅಲ್ಲಿಗೆ ಬಿಟ್ಟುಬಿಟ್ಟರೆ ಕೇಳಿ ಏನು ಪ್ರಯೋಜನ? ಇನ್ನು ಅವರೇ ಹೇಳಲಿ ಎಂದದ್ದಕ್ಕೆ ಕಾರಣ ಇದೆ. ಅಟೊಮಾಕ್ಸೆಟಿನ್ ಕೂಡ ಗಂಡಸರಲ್ಲಿ ಲೈಂಗಿಕ ತೊಂದರೆ ತರಬಹುದು. ಮುಂದೆ ಹಾಗಾದರೆ ಪ್ರತಿ ಸಲ ನಾನು ಮಧ್ಯಸ್ಥಿಕೆ ವಹಿಸಲು ಆಗುತ್ತದೆಯೇ? ಪಕ್ಕದಲ್ಲಿ ಕೂತಿರುತ್ತೇನೆ, ಮಾತು ನಿಮ್ಮದು ಎಂದೆ. ನನ್ನ ಎದುರಿನಲ್ಲೇ ಫೋನ್ ಮಾಡಿದರು. ಆ ಒಂದು ವಾಕ್ಯಕ್ಕೆ ಅಷ್ಟು ಬೆವರಿದರು. ಅತ್ತಲಿಂದ ಡಾಕ್ಟರು, ‘ಓ, ಸರಿ, ಹೇಳಿದ್ದು ಒಳ್ಳೇದಾಯ್ತು,’ ಎಂದಷ್ಟೇ ಹೇಳಿ ಡೋಸ್ ವಿಷಯಕ್ಕೆ ಬಂದರು.

ಮಕ್ಕಳಿಗೆ, ಹದಿಹರೆಯದವರಿಗೆ ಈ ಔಷಧಿ ಕೊಡುವ ಹೆತ್ತವರಿಗೆ ಒಂದು ಮಾತು, ಈ ಪ್ರಕರಣಕ್ಕೆ ಸಂಬಂಧವಿಲ್ಲದಿದ್ದರೂ. ಅಟೊಮಾಕ್ಸೆಟಿನ್, ವಿಲೋಕ್ಸಜಿನ್ ಎರಡಕ್ಕೂ ಸಾಯುವ ಯೋಚನೆ ಬರಬಹುದು ಎಂಬ ದೊಡ್ಡ ಎಚ್ಚರಿಕೆ ಇದೆ. ಅಪರೂಪ, ಆದರೆ ಶುರುವಿನ ವಾರಗಳಲ್ಲಿ, ಡೋಸ್ ಬದಲಾದಾಗ ಕಣ್ಣಿಟ್ಟಿರಿ. ಮಗು ಇದ್ದಕ್ಕಿದ್ದಂತೆ ಮಂಕಾದರೆ, ಸಿಡುಕಿದರೆ ಮುಂದಿನ ಭೇಟಿಗೆ ಕಾಯಬೇಡಿ.

ಇವರಿಗೆ ಡಾಕ್ಟರು ಅಟೊಮಾಕ್ಸೆಟಿನ್ ಇಳಿಸಿದರು, ಪ್ಯಾರಾಕ್ಸೆಟಿನ್ ನಿಧಾನಕ್ಕೆ ಬಿಡಿಸುವ ಯೋಜನೆ ಹಾಕಿದರು. ಎದೆಬಡಿತ ತಗ್ಗಿತು. ಗಮನದಲ್ಲಿ ಬದಲಾವಣೆ ಇದೆ ಎಂದು ಕೆಲವು ವಾರಗಳ ನಂತರ ಮೊದಲು ಹೇಳಿದ್ದು ಹೆಂಡತಿ. ಇವರು ಇನ್ನೂ ಪೂರ್ತಿ ಒಪ್ಪಿಲ್ಲ. ಆ ಇನ್ನೊಂದು ಮಾತ್ರೆಯ ವಿಷಯ ಹೆಂಡತಿಗೆ ಹೇಳುವುದೋ ಬೇಡವೋ ಎಂಬುದು ಅವರಿಗೆ ಬಿಟ್ಟದ್ದು. ಈಗ ನಮ್ಮ ಮಾತುಕತೆ ಬಹುಪಾಲು ಅದರ ಸುತ್ತಲೇ ನಡೆಯುತ್ತಿದೆ.